ಫಿಲ್ಲಿಂಗ್ ಮಾಡಿಸಿದ ಹಲ್ಲೇ ಮತ್ತೆ ಹುಳುಕಾಗುತ್ತಿದೆ. ಬೆಳ್ಳಿಯದು ಒಳ್ಳೆಯದೋ, ಬಿಳಿಯದೋ?

ಎರಡು ಸಲ ಫಿಲ್ಲಿಂಗ್ ಮಾಡಿಸಿದ ದವಡೆ ಹಲ್ಲು ಮೂರನೆಯ ಸಲ ಹುಳುಕಾಗಿದೆ ಎಂದು ಬರೆದಿದ್ದೀರಿ. ನನ್ನದೂ ಅದೇ ಕಥೆ, ಊರು ದಾವಣಗೆರೆ.

ಹೈಸ್ಕೂಲಿನಲ್ಲಿದ್ದಾಗ ಹಾಕಿಸಿದ ಬೆಳ್ಳಿ ಫಿಲ್ಲಿಂಗ್ ಎಡಗಡೆಯ ಕೆಳದವಡೆಯಲ್ಲಿ ಹದಿನಾರು ವರ್ಷ ಗಟ್ಟಿಯಾಗಿ ಕುಳಿತಿತ್ತು. ಅದರ ಅಂಚು ಮುರಿದಾಗ ತಂಗಿಯ ಮದುವೆಗೆ ಆರೇ ದಿನ. ನಕ್ಕರೆ ಕಪ್ಪು ಕಾಣುತ್ತದೆ, ಬಿಳಿಯದನ್ನು ಹಾಕಿ ಎಂದೆ. ವೈದ್ಯೆ ನೋಡಿ, "ಹುಳುಕು ಹಲ್ಲುಸಂದಿಯಲ್ಲಿ ಒಸಡಿನವರೆಗೂ ಇಳಿದಿದೆ, ಒಸಡಿನಿಂದ ರಕ್ತ ಬರುತ್ತಿದೆ. ಇವತ್ತು ಸ್ವಚ್ಛ ಮಾಡಿ ತಾತ್ಕಾಲಿಕ ಸಿಮೆಂಟ್ ಹಾಕುತ್ತೇನೆ, ಹತ್ತು ದಿನ ಬಿಟ್ಟು ಬನ್ನಿ" ಎಂದರು. ನಾನು ಇವತ್ತೇ ಮುಗಿಸಿ ಎಂದು ಹಠ ಹಿಡಿದೆ.

ಆ ಹಠದಿಂದಲೇ ಹಲ್ಲು ಹಾಳಾಯಿತು. ಹೇಗೆಂದು ಬಿಡಿಸಿ ಹೇಳಲೇಬೇಕು. ಬಿಳಿ ಫಿಲ್ಲಿಂಗ್, ಅಂದರೆ ಕಾಂಪೋಸಿಟ್, ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಮೊದಲು ಆಮ್ಲ ಹಚ್ಚಿ ಹಲ್ಲಿನ ಮೈಯನ್ನು ತರಿತರಿಯಾಗಿಸಬೇಕು, ತೊಳೆದು ನೀರು ತೆಗೆಯಬೇಕು, ಅಂಟು ಬಳಿಯಬೇಕು, ಪದರ ಪದರವಾಗಿ ತುಂಬಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಬೇಕು. ಗಟ್ಟಿಯಾಗುವಾಗ ಅದು ತುಸು ಕುಗ್ಗುತ್ತದೆ. ಅಂಟು ಬಲವಾಗಿದ್ದರೆ ಅಂಚು ಬಿಡುವುದಿಲ್ಲ. ನಡುವೆ ಜೊಲ್ಲೋ ರಕ್ತವೋ ಸೋಕಿದರೆ ಅಂಟು ಕೆಟ್ಟಂತೆಯೇ. ಒದ್ದೆ ಗೋಡೆಗೆ ಬಳಿದ ಬಣ್ಣದಂತೆ ಎದ್ದು ಬರುತ್ತದೆ. ಪಾದರಸದ ಜೊತೆ ಬೆಳ್ಳಿ, ತವರ, ತಾಮ್ರದ ಪುಡಿ ಬೆರೆಸಿದ ಬೆಳ್ಳಿ ಫಿಲ್ಲಿಂಗ್ ಅಷ್ಟಿಷ್ಟು ತೇವವನ್ನು ಸಹಿಸುತ್ತದೆ, ಬಿಳಿಯದು ಸಹಿಸುವುದಿಲ್ಲ. ಆ ದಿನ ಒಸಡು ಜಿನುಗುತ್ತಲೇ ಇತ್ತು. ವೈದ್ಯೆ ಹತ್ತಿ ಬದಲಾಯಿಸುತ್ತಲೇ ಇದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಹತ್ತು ದಿನ ಕಾದಿದ್ದರೆ ಒಸಡು ಮಾಗಿ ರಕ್ತ ನಿಲ್ಲುತ್ತಿತ್ತು, ಅದೇ ಬಿಳಿ ಫಿಲ್ಲಿಂಗ್ ಅದೇ ಕೈಯಿಂದ ಸರಿಯಾಗಿ ಕೂರುತ್ತಿತ್ತು. ಮದುವೆಯ ಯಾವ ಫೋಟೊದಲ್ಲೂ ಆ ಹಲ್ಲು ಕಾಣುವುದಿಲ್ಲ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಕೆಲವೇ ತಿಂಗಳಲ್ಲಿ ಮಂಡಕ್ಕಿ ತಿಂದರೆ ಆ ಸಂದಿಯಲ್ಲಿ ಸಿಕ್ಕಿಕೊಳ್ಳತೊಡಗಿತು. ಒಂದೂವರೆ ವರ್ಷಕ್ಕೆ ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಎಕ್ಸ್‌ರೇಯಲ್ಲಿ ಫಿಲ್ಲಿಂಗಿನ ಅಡಿಯಲ್ಲಿ, ಒಸಡಿನ ಕಡೆಯ ಅಂಚಿನಲ್ಲಿಯೇ, ಕಪ್ಪು ನೆರಳು. ರೂಟ್ ಕೆನಾಲ್ ಆಯಿತು, ಕ್ಯಾಪ್ ಬಂತು.

ಬಲಗಡೆಯ ಹಲ್ಲೂ ಹುಳುಕಾದಾಗ ಇಲ್ಲಿನ ದಂತ ವೈದ್ಯಕೀಯ ಕಾಲೇಜಿಗೆ ಹೋದೆ. ಅಲ್ಲಿನ ಹಿರಿಯ ವೈದ್ಯರು ಬಾಯಿ ತೆರೆಸುವ ಮೊದಲೇ, "ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತೀರಿ?" ಎಂದು ಕೇಳಿದರು. ಮಂಡಿಪೇಟೆಯ ಅಂಗಡಿಯಲ್ಲಿ ಕೆಲಸ, ಬಂದವರ ಜೊತೆ ಅರ್ಧರ್ಧ ಲೋಟವೆಂದರೂ ಏಳೆಂಟು ಸಲ. ಸಕ್ಕರೆ ಬಾಯಿಗೆ ಬಿದ್ದಾಗಲೆಲ್ಲ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸುತ್ತವೆ, ಜೊಲ್ಲು ಅದನ್ನು ತಣಿಸಲು ಅರ್ಧ ಗಂಟೆಯಾದರೂ ಬೇಕು, ನೀವು ಅದಕ್ಕೆ ಪುರಸೊತ್ತೇ ಕೊಡುತ್ತಿಲ್ಲ ಎಂದರು. ಫಿಲ್ಲಿಂಗ್ ಗುಂಡಿ ಮುಚ್ಚುತ್ತದೆ, ಕಾಯಿಲೆಯನ್ನಲ್ಲ.

ಆದ್ದರಿಂದ ಬೆಳ್ಳಿಯೋ ಬಿಳಿಯೋ ಎಂದು ಶುರುಮಾಡಿದ್ದೇ ತಪ್ಪು ಎನ್ನುತ್ತೇನೆ. ವ್ಯತ್ಯಾಸವೇ ಇಲ್ಲವೆಂದಲ್ಲ. ಲಿಸ್ಬನ್‌ನಲ್ಲಿ ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಳಿ ಫಿಲ್ಲಿಂಗಿನ ಪಕ್ಕ ಮರುಹುಳುಕಿನ ಅಪಾಯ ಬೆಳ್ಳಿಯದಕ್ಕಿಂತ 3.5 ಪಟ್ಟು ಹೆಚ್ಚು ಕಂಡುಬಂದಿತ್ತು. ಆದರೆ ಪಾದರಸದ ಕಾರಣಕ್ಕೆ ಬೆಳ್ಳಿಯದು ಎಲ್ಲೆಡೆ ಹಿಂದೆ ಸರಿಯುತ್ತಿದೆ. ಯುರೋಪ್ ಒಕ್ಕೂಟದಲ್ಲಿ 2025ರಿಂದ ಬಹುಮಟ್ಟಿಗೆ ನಿಂತೇ ಹೋಗಿದೆ. ಬಾಯಲ್ಲಿ ಈಗಾಗಲೇ ಗಟ್ಟಿಯಾಗಿರುವ ಬೆಳ್ಳಿಯದನ್ನು ಬರೀ ಅಂದಕ್ಕಾಗಿ ಕೀಳಿಸಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಹುಳುಕು ಬರುವುದಿಲ್ಲ ಎನ್ನುವವರ ಮಾತನ್ನೂ ನಂಬಬೇಡಿ. ಅತಿಯಾದ ಫ್ಲೋರೈಡಿನಿಂದ ಕಲೆಬಿದ್ದ ಹಲ್ಲೂ ಹುಳುಕಾಗುತ್ತದೆ.

ನನ್ನ ಬಲಗಡೆಯ ಹಲ್ಲಿಗೆ ಅವರು ಮೊದಲು ಫ್ಲೋರೈಡ್ ಬಿಡುಗಡೆ ಮಾಡುವ ಗ್ಲಾಸ್ ಅಯನೊಮರ್ ಸಿಮೆಂಟ್ ತುಂಬಿದರು. ಅದು ಬೇಗ ಸವೆಯುತ್ತದೆ, ಗೊತ್ತಿದ್ದೇ ತುಂಬಿದ್ದು. ಮೂರು ತಿಂಗಳಲ್ಲಿ ನಾನು ಚಹಾವನ್ನು ಎರಡಕ್ಕೆ ಇಳಿಸಿದೆ, ರಾತ್ರಿ ಹಲ್ಲುಸಂದಿಗೆ ದಾರ ಹಾಕುವುದನ್ನು ಕಲಿತೆ. ಒಸಡಿನ ರಕ್ತ ನಿಂತ ಮೇಲೆಯೇ, ಜೊಲ್ಲು ಸೋಕದಂತೆ ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿ ಬಿಳಿಯದನ್ನು ಹಾಕಿದರು. ನೀವೂ ರಬ್ಬರ್ ಹಾಳೆ ಕಟ್ಟುತ್ತೀರಾ ಎಂದು ವೈದ್ಯರನ್ನು ಕೇಳಿ, ಅವರು ಕಾಯಿರಿ ಎಂದರೆ ಕಾಯಿರಿ. ನನ್ನದಕ್ಕೆ ಈಗ ನಾಲ್ಕು ವರ್ಷ. ಹೋದ ತಿಂಗಳ ಎಕ್ಸ್‌ರೇಯಲ್ಲಿ ಅಂಚಿನಲ್ಲಿ ಕಪ್ಪು ಇರಲಿಲ್ಲ.