ಅಕ್ಕನ ಹತ್ರ ಕೇಳಿ: ಸಭೆ ಕೆಲಸ ಕೈತುಂಬ ಇದೆ, ದೇವರ ಹತ್ರ ಕೂರೋಕೇ ಟೈಮಿಲ್ಲ

ಪ್ರಶ್ನೆ: ಅಕ್ಕ, ಯೇಸುವಿನ ನಾಮದಲ್ಲಿ ವಂದನೆ. ನಾನು ದಾವಣಗೆರೆಯವಳು, ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಎರಡು ಮಕ್ಕಳು, ಅತ್ತೆಗೆ ಮಂಡಿನೋವು ಹಾಗಾಗಿ ಮನೆಕೆಲಸ ಪೂರ್ತಿ ನನ್ನ ಮೇಲೇನೇ. ಭಾನುವಾರ ಚರ್ಚಲ್ಲಿ ಸಂಡೇ ಸ್ಕೂಲ್ ತಗೋತೀನಿ, ಕ್ವಯರಲ್ಲೂ ಇದೀನಿ, ಬುಧವಾರ ಸ್ತ್ರೀಯರ ಕೂಟ, ಶನಿವಾರ ಹಾಡಿನ ಪ್ರಾಕ್ಟೀಸ್, ಯಾರದಾದ್ರೂ ಮನೇಲಿ ಪ್ರಾರ್ಥನೆ ಇದ್ರೆ ಅಲ್ಲಿಗೂ ಕರೀತಾರೆ. ಎಲ್ರೂ ಎಷ್ಟು ಭಕ್ತಿ ಇವಳಿಗೆ ಅಂತಾರೆ, ಆದ್ರೆ ನಾನು ಒಬ್ಬಳೇ ಕೂತು ದೇವರ ಹತ್ರ ಮಾತಾಡಿ ತಿಂಗಳುಗಳೇ ಆಗೋಯ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥಿಸ್ಬೇಕು ಅಂತ ಪ್ರಸಂಗದಲ್ಲಿ ಕೇಳಿ ಅಲಾರಂ ಇಟ್ಟೆ, ಎದ್ದು ಕೂತ್ರೆ ತೂಕಡಿಕೆ, ಇಲ್ಲಾಂದ್ರೆ ಮಕ್ಕಳ ಡಬ್ಬಿಗೆ ಏನ್ ಮಾಡ್ಲಿ ಅನ್ನೋ ಯೋಚನೆ. ದೇವರಿಗೆ ನನ್ನ ಮೇಲೆ ಬೇಜಾರಾಗಿದೆಯಾ ಅಂತ ಭಯ. (ಹೆಸರು ಬೇಡ)

ಉತ್ತರ: ತಂಗಿ, ಮೊದ್ಲು ಆ ಭಯ ಬಿಡಿ. ದೇವರು ಹಾಜರಿ ಪುಸ್ತಕ ಹಿಡ್ಕೊಂಡು ಕೂತಿಲ್ಲ. ನಾಲ್ಕು ಗಂಟೆ ಅನ್ನೋದು ಸತ್ಯವೇದದಲ್ಲಿ (ಬೈಬಲಲ್ಲಿ) ಎಲ್ಲೂ ಆಜ್ಞೆ ಅಲ್ಲ, ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರ್ತಿದ್ದ, ಇಸಾಕ ಸಂಜೆ ಹೊತ್ತು ಹೊಲದ ಕಡೆ ಧ್ಯಾನಕ್ಕೆ ಹೋಗಿದ್ದ, ಕೀರ್ತನೆ 63ರಲ್ಲಿ ದಾವೀದ ಹಾಸಿಗೆ ಮೇಲೆ ಮಲ್ಕೊಂಡೇ ರಾತ್ರಿಯೆಲ್ಲ ದೇವರನ್ನ ನೆನೆಸ್ಕೋತಾನೆ. ಬೆಳಗಿನ ಜಾವ ಏಳಿ ಅನ್ನೋರು ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಏಳೋಕಾಗೋರು ಏಳ್ಲಿ, ಆದ್ರೆ ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗೋ ಹೆಣ್ಣುಮಗಳಿಗೆ ಅದನ್ನೇ ಕಾನೂನು ಮಾಡಿದ್ರೆ ಅದು ಅನ್ಯಾಯ.

ಯೇಸುಸ್ವಾಮಿಯೂ ಮುಂಜಾನೆ ಎದ್ದು ಹೋದ್ರಲ್ಲ ಅಂತ ನೀವು ಕೇಳಬಹುದು. ಹೌದು, ಮಾರ್ಕ 1:35. ಆದ್ರೆ ಅದರ ಹಿಂದೆ ಮುಂದೆ ಓದಿ. ಹಿಂದಿನ ದಿನ ಕಪೆರ್ನೌಮಿನಲ್ಲಿ ಸಭಾಮಂದಿರದಲ್ಲಿ ಬೋಧನೆ, ಆಮೇಲೆ ಸೀಮೋನನ ಅತ್ತೆಗೆ ಜ್ವರ ವಾಸಿ ಮಾಡಿದ್ದು, ಹೊತ್ತು ಮುಳುಗಿದ ಮೇಲೆ ಇಡೀ ಊರೇ ಬಾಗಿಲ ಮುಂದೆ ಬಂದು ನಿಂತಿದೆ. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಹೋಗಿದ್ದಾರೆ, ಸೀಮೋನ ಮತ್ತೆ ಜೊತೆಯವರು ಹುಡುಕ್ಕೊಂಡು ಹೋಗಿ ಎಲ್ರೂ ನಿಮ್ಮನ್ನ ಹುಡುಕ್ತಿದ್ದಾರೆ ಅಂತಾರೆ. ನಾವಾಗಿದ್ರೆ ಅಯ್ಯೋ ಹೌದಾ ಅಂತ ಓಡಿ ಬರ್ತಿದ್ವಿ. ಯೇಸು ಬರಲ್ಲ, ನಡೀರಿ ಪಕ್ಕದ ಊರುಗಳಿಗೆ ಹೋಗೋಣ ಅಂತಾರೆ. ನಿಮ್ಮ ಪತ್ರ ಓದುವಾಗ ನನಗೆ ನೆನಪಾಗಿದ್ದು ಇದೇ ಭಾಗ, ಎದ್ದ ಹೊತ್ತಿಗಿಂತ ಆಮೇಲೆ ಕೊಟ್ಟ ಉತ್ತರ ನಿಮಗೆ ಬೇಕಾಗಿರೋದು. ಎಲ್ರೂ ಕರೆದ್ರು ಅನ್ನೋ ಒಂದೇ ಕಾರಣಕ್ಕೆ ಅವರು ಹೋಗ್ಲಿಲ್ಲ, ತಂದೆ ಹತ್ರ ಕೂತು ಎದ್ದ ಮೇಲೆ ಎಲ್ಲಿಗೆ ಹೋಗ್ಬೇಕು ಅನ್ನೋದು ಅವರಿಗೆ ಸ್ಪಷ್ಟ ಇತ್ತು.

ಹಾಗಾಗಿ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಸಭೆ ಕೆಲಸದಲ್ಲಿ ಒಂದನ್ನ ಬಿಡಿ. ಸಂಡೇ ಸ್ಕೂಲ್ ಮತ್ತೆ ಕ್ವಯರ್ ಎರಡರಲ್ಲಿ ಯಾವುದು ನಿಮಗೆ ದೇವರು ಕೊಟ್ಟ ಕೆಲಸ ಅನ್ಸುತ್ತೋ ಅದನ್ನ ಇಟ್ಕೊಳ್ಳಿ, ಇನ್ನೊಂದಕ್ಕೆ ಪಾಸ್ಟರ್ ಅಯ್ಯನವರ ಹತ್ರ ಹೋಗಿ ಒಂದು ವರ್ಷ ನನಗೆ ಬಿಡುವು ಕೊಡಿ ಅಂತ ಕೇಳಿ. ಜನ ಏನಂತಾರೆ ಅಂದ್ರೆ, ಏನಾದ್ರೂ ಅಂತಾರೆ ಬಿಡಿ, ಬೆಥಾನ್ಯದಲ್ಲಿ ಕೆಲಸ ಬಿಟ್ಟು ಯೇಸುವಿನ ಪಾದದ ಹತ್ರ ಕೂತು ಮಾತು ಕೇಳ್ತಿದ್ದ ಮರಿಯಳ ಬಗ್ಗೆ ಸ್ವಂತ ಅಕ್ಕ ಮಾರ್ಥಳೇ ದೂರು ಹೇಳಿದ್ಲಲ್ಲ. ಮಾರ್ಥ ಮಾಡ್ತಿದ್ದ ಅಡುಗೆ ಕೆಟ್ಟ ಕೆಲಸ ಅಲ್ಲ, ಯೇಸುವಿಗೋಸ್ಕರಾನೇ ಮಾಡ್ತಿದ್ಲು, ಆದ್ರೂ ಮನೆಗೆ ಬಂದಿದ್ದ ಯೇಸುವಿನ ಹತ್ರ ಕೂರೋಕೇ ಅವಳಿಗೆ ಆಗ್ಲಿಲ್ಲ, ಅದೇ ನನಗೆ ಓದಿದಾಗೆಲ್ಲ ಸಂಕಟ ಆಗೋದು. ಸಭೆಗಳಲ್ಲಿ ಕೈಲಾಗುವ ನಾಲ್ಕೈದು ಜನರ ಮೇಲೇನೇ ಎಲ್ಲಾ ಕೆಲಸ ಹೊರಿಸ್ತೀವಿ, ಇದನ್ನ ಹಿರಿಯರು ಓದ್ತಿದ್ರೆ ದಯವಿಟ್ಟು ಗಮನಿಸಿ, ದಣಿದ ಹೆಣ್ಣುಮಗಳಿಗೆ ಇನ್ನೊಂದು ಜವಾಬ್ದಾರಿ ಕೊಡೋ ಮುಂಚೆ ಹೇಗಿದ್ದೀಯಮ್ಮಾ ಅಂತ ಒಂದು ಮಾತು ಕೇಳಿ.

ಕೆಲಸ ಒಂದು ಕಮ್ಮಿ ಮಾಡಿದ್ರೂ ಮನೆ ಮನೇನೇ. ನೀವು ಕೂರೋ ಹೊತ್ತಿಗೆ ಮಗು ಏಳುತ್ತೆ, ಅತ್ತೆ ಕರೀತಾರೆ, ಹಾಲಿನವನು ಬರ್ತಾನೆ. ಅದಕ್ಕೆ ಮಾರ್ಕ 6ನೇ ಅಧ್ಯಾಯ ನೋಡಿ, ಊಟಕ್ಕೂ ಪುರುಸೊತ್ತಿಲ್ಲದ ಶಿಷ್ಯರಿಗೆ ಬನ್ನಿ ಸ್ವಲ್ಪ ದಣಿವಾರಿಸ್ಕೊಳ್ಳಿ ಅಂತ ಯೇಸುವೇ ಹೇಳಿ ದೋಣಿ ಹತ್ತಿಸ್ಕೊಂಡು ಹೋದ್ರೆ ಜನ ಕಾಲುದಾರೀಲಿ ಓಡಿ ಅವರಿಗಿಂತ ಮುಂಚೆ ಅಲ್ಲಿಗೆ ಬಂದುಬಿಟ್ಟಿದ್ದಾರೆ. ಯೇಸು ಸಿಟ್ಟಾಗ್ಲಿಲ್ಲ, ಕನಿಕರಪಟ್ಟು ಬೋಧಿಸಿ ಐದು ಸಾವಿರ ಗಂಡಸರಿದ್ದ ಆ ಗುಂಪಿಗೆ ಊಟ ಕೊಟ್ರು. ಆದ್ರೆ ಅಷ್ಟಕ್ಕೇ ಬಿಡ್ಲಿಲ್ಲ, ಶಿಷ್ಯರನ್ನ ದೋಣಿ ಹತ್ತಿಸಿ ಜನರನ್ನ ಕಳಿಸಿ ತಾವು ಬೆಟ್ಟಕ್ಕೆ ಪ್ರಾರ್ಥನೆಗೆ ಹೋದ್ರು. ಬೆಳಿಗ್ಗೆ ತಪ್ಪಿತಾ, ಹಾಗಾದ್ರೆ ಆ ದಿನ ಹೋಯ್ತು ಅಂತ ಅಂದ್ಕೋಬೇಡಿ. ಮಕ್ಕಳು ಸ್ಕೂಲಿಗೆ ಹೋದ್ಮೇಲೆ ಆಫೀಸಿಗೆ ಹೊರಡೋ ಮುಂಚೆ ಹತ್ತು ನಿಮಿಷ, ಇಲ್ಲಾ ಊಟದ ಬಿಡುವಲ್ಲಿ, ಎಲ್ಲಿ ಸಿಗುತ್ತೋ ಅಲ್ಲಿ.

ಆ ಹತ್ತು ನಿಮಿಷಕ್ಕೆ ಫೋನ್ ಬೇಡ, ಆ್ಯಪಲ್ಲಿ ವಚನ ತೆಗೆಯೋ ಅಷ್ಟರಲ್ಲಿ ವಾಟ್ಸಾಪಲ್ಲಿ ಹದಿನೈದು ಗುಡ್ ಮಾರ್ನಿಂಗ್ ವಚನ ಬಂದಿರುತ್ತೆ. ಪುಸ್ತಕಾನೇ ತಗೊಳ್ಳಿ. ಕೀರ್ತನೆ 119 ಬಹಳ ಉದ್ದ ಅಂತ ಎಲ್ರೂ ಬಿಟ್ಟುಬಿಡ್ತಾರೆ, 176 ವಚನ, ಆದ್ರೆ ಅದು 22 ಭಾಗ, ಒಂದೊಂದರಲ್ಲಿ ಎಂಟೇ ವಚನ, ದಿನಕ್ಕೊಂದು ಭಾಗ ನಿಧಾನಕ್ಕೆ ಓದಿ. ಯಾವುದಾದ್ರೂ ವಚನ ಮನಸ್ಸಿಗೆ ತಟ್ಟಿದ್ರೆ ಅಲ್ಲೇ ನಿಲ್ಸಿ, ಮುಗಿಸ್ಲೇಬೇಕು ಅಂತೇನಿಲ್ಲ. ಡಬ್ಬಿ ಯೋಚನೆ ಬಂದ್ರೆ ಅದನ್ನೇ ದೇವರ ಹತ್ರ ಹೇಳಿ, ಕರ್ತನೇ ನಾಳೆ ಏನ್ ಮಾಡ್ಲಿ ತೋಚ್ತಿಲ್ಲ, ಸುಸ್ತಾಗಿದೀನಿ ಅಂತ, ಅದೂ ಪ್ರಾರ್ಥನೇನೇ. ನಮ್ಮಮ್ಮ ಮಧ್ಯಾಹ್ನ ಎಲ್ರದ್ದೂ ಊಟ ಆದ್ಮೇಲೆ ಹಿತ್ತಲ ಬಾಗಿಲ ಹೊಸ್ತಿಲ ಹತ್ರ ಕೂತು ತೊಡೆ ಮೇಲೆ ಸತ್ಯವೇದ ಇಟ್ಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದ್ತಿದ್ರು, ಸೆರಗಿನ್ನೂ ಒದ್ದೆ ಇರ್ತಿತ್ತು, ಆ ಹೊತ್ತಲ್ಲಿ ನಾವು ಯಾರೂ ಅಮ್ಮನ್ನ ಕರೀತಿರ್ಲಿಲ್ಲ. ನಿಮ್ಮ ಮನೆಯವರಿಗೂ ಬಾಯಿಬಿಟ್ಟು ಹೇಳಿ, ಈ ಹತ್ತು ನಿಮಿಷ ನನ್ನನ್ನ ಕರೀಬೇಡಿ ಅಂತ, ಹೇಳದೆ ಅವರಿಗೆ ಹೇಗೆ ಗೊತ್ತಾಗ್ಬೇಕು?

ಪ್ರಶ್ನೆ: ನಾನು ಮಂಗಳೂರಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಇದ್ದ ವಾರ ಪ್ರಾರ್ಥನೆ, ವೇದಪಾಠ ಎಲ್ಲಾ ತಪ್ಪಿಹೋಗುತ್ತೆ, ಬೆಳಿಗ್ಗೆ ರೂಮಿಗೆ ಬಂದು ಸತ್ಯವೇದ ತೆಗೆದ್ರೆ ಅಕ್ಷರವೇ ಕಾಣಲ್ಲ.

ಉತ್ತರ: ಬಂದ ತಕ್ಷಣ ತಿಂದು ಮಲ್ಕೊಳ್ಳಿ ತಂಗಿ, ಸತ್ಯವೇದ ಎದ್ದ ಮೇಲೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವು ಬಂದ್ರೆ ಸಾಕು ಅಂತ ಗಿಡದ ಕೆಳಗೆ ಬಿದ್ದುಕೊಂಡಿದ್ದಾಗ ದೇವದೂತ ಅವನಿಗೆ ಬುದ್ಧಿ ಹೇಳ್ಲಿಲ್ಲ, ರೊಟ್ಟಿ ನೀರು ಕೊಟ್ಟ, ಅವನು ಮತ್ತೆ ಮಲಗಿದ, ಎಬ್ಬಿಸಿ ಮತ್ತೆ ತಿನ್ನಿಸಿದ, ಹೋರೇಬ್ ಬೆಟ್ಟದಲ್ಲಿ ಆ ಮೆಲ್ಲನೆ ಸ್ವರ ಕೇಳಿಸಿದ್ದು ಎಷ್ಟೋ ದಿನ ಆದ್ಮೇಲೆ. ಡ್ಯೂಟೀಲಿರುವಾಗ ಚಿಕ್ಕ ಪ್ರಾರ್ಥನೆ ಸಾಕು, ಅರಸನಿಗೆ ದ್ರಾಕ್ಷಾರಸ ಕೊಡೋ ಸೇವಕನಾಗಿದ್ದ ನೆಹೆಮೀಯ, ಅರಸನು ಕೇಳಿದ ಪ್ರಶ್ನೆಗೂ ತಾನು ಕೊಟ್ಟ ಉತ್ತರಕ್ಕೂ ನಡುವೆ ನಿಂತಲ್ಲೇ ಪ್ರಾರ್ಥಿಸಿದ, ನೀವು ಒಂದು ಬೆಡ್‌ನಿಂದ ಇನ್ನೊಂದು ಬೆಡ್‌ಗೆ ಹೋಗುವಾಗ ಆ ಪೇಷೆಂಟ್ ಹೆಸರು ಹೇಳಿ ಕರ್ತನೇ ಕರುಣಿಸು ಅಂದ್ರೆ ಆಯ್ತು. ಇನ್ನೊಂದು, ರಾತ್ರಿ ಹೊತ್ತು ಯೆಹೋವನ ಆಲಯದಲ್ಲಿ ನಿಂತು ಸೇವೆ ಮಾಡೋರಿಗೆ ಅಂತಾನೇ ಒಂದು ಕೀರ್ತನೆ ಇದೆ, 134, ಮೂರೇ ವಚನ, ಹಾಸ್ಟೆಲಿಂದ ವಾರ್ಡಿಗೆ ನಡ್ಕೊಂಡು ಹೋಗೋ ಅಷ್ಟರಲ್ಲಿ ಬಾಯಿಪಾಠ ಆಗುತ್ತೆ.