ಬಾವುಟದ ಪ್ಯಾರಾಚೂಟ್ ಇರುವುದು 1969ರ ಬಾಂಡ್ ಚಿತ್ರದಲ್ಲಲ್ಲ

ಬಾವುಟದ ಪ್ಯಾರಾಚೂಟ್ ಜಿಗಿತವನ್ನೂ ಹಿಮಕುಸಿತವನ್ನೂ ಜಾರ್ಜ್ ಲಾಜೆನ್‌ಬಿ ನಟಿಸಿದ 1969ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಹುಡುಕಿದೆ, ಅವು ಯಾವ ಚಿತ್ರದಲ್ಲಿವೆ ಎಂದು ಕೇಳಿದ್ದೀರಿ. ಎರಡು ಚಿತ್ರಗಳು ನಿಮ್ಮ ನೆನಪಿನಲ್ಲಿ ಕಲಸಿಹೋಗಿರಬೇಕು. ಸ್ಕೀ ಮೇಲೆ ಬಂದು ಪ್ರಪಾತಕ್ಕೆ ಹಾರಿ, ಬ್ರಿಟಿಷ್ ಬಾವುಟದ ಪ್ಯಾರಾಚೂಟ್ ಬಿಚ್ಚುವ ಬಾಂಡ್ ಜಾರ್ಜ್ ಲಾಜೆನ್‌ಬಿ ಅಲ್ಲ, ರೋಜರ್ ಮೂರ್. ಚಿತ್ರ 1977ರ 'ದ ಸ್ಪೈ ಹೂ ಲವ್ಡ್ ಮಿ'. ನೀವು ಹೇಳಿದ ಹಳದಿ ಸೂಟೂ ಇದಕ್ಕೇ ಹೊಂದುತ್ತದೆ.

ಮೊದಲು ಇದನ್ನೇ ಹಾಕಿ. ಆರಂಭ ಓಡಿಸಬೇಡಿ, ಜಿಗಿತ ಬರುವುದು ಶೀರ್ಷಿಕೆಗಳಿಗೂ ಮುಂಚೆ, ಮೊದಲ ಹತ್ತು ನಿಮಿಷದೊಳಗೆ. ಸೌಂಡ್ ಜೋರಾಗಿರಲಿ. ಅಂಚು ದಾಟಿದ ಕ್ಷಣ ಸಂಗೀತ ಪೂರ್ತಿ ನಿಲ್ಲುತ್ತದೆ, ಪ್ಯಾರಾಚೂಟ್ ಅರಳಿದಾಗ ಬಾಂಡ್ ರಾಗ ಎದ್ದು ಬರುತ್ತದೆ. ಆ ಮೌನವೇ ದೃಶ್ಯದ ಜೀವ. ಕತೆಯಲ್ಲಿ ಅದು ಆಸ್ಟ್ರಿಯಾ. ನಿಜಕ್ಕೂ ಹಾರಿದ್ದು ಸ್ಟಂಟ್‌ಮನ್ ರಿಕ್ ಸಿಲ್ವೆಸ್ಟರ್, ಕೆನಡಾದ ಬಾಫಿನ್ ದ್ವೀಪದ ಆಸ್ಗಾರ್ಡ್ ಶಿಖರದಿಂದ. ಪ್ಯಾರಾಚೂಟ್ ಬಿಚ್ಚುವಾಗ ನಿಧಾನಗತಿಯಲ್ಲಿ ನೋಡಿ: ಕಳಚಿದ ಸ್ಕೀ ಒಂದು ಅದಕ್ಕೆ ತಗಲುತ್ತದೆ. ಸಿಕ್ಕಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು!

ಹಿಮಕುಸಿತದ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ, ನಿಮ್ಮ ವಿವರಣೆಗೆ ಎರಡು ಚಿತ್ರ ಹೊಂದುತ್ತವೆ. ಬಾಂಡ್ ಜೊತೆ ನಾಯಕಿ ಟ್ರೇಸಿ ಸ್ಕೀ ಮಾಡುತ್ತಿದ್ದರೆ, ಖಳನಾಯಕ ಬ್ಲೋಫೆಲ್ಡ್ ಬೇಕೆಂದೇ ಹಿಮ ಕುಸಿಯುವಂತೆ ಮಾಡಿದರೆ, ಅದು ಲಾಜೆನ್‌ಬಿಯ 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'. ನೀವು ಹುಡುಕಿದ್ದು ಇದರಲ್ಲೇ. ದೃಶ್ಯ ಚಿತ್ರದ ಕೊನೆಯರ್ಧದಲ್ಲಿದೆ, ಆರಂಭದಲ್ಲಲ್ಲ. ಜಾಕೆಟ್ ಉಬ್ಬಿ ಚೆಂಡಿನಂತಾಗಿ ಬಾಂಡ್‌ನನ್ನೂ ಜೊತೆಗಿದ್ದವಳನ್ನೂ ಒಳಗಿಟ್ಟುಕೊಂಡದ್ದು ನೆನಪಿದ್ದರೆ 1999ರ 'ದ ವರ್ಲ್ಡ್ ಈಸ್ ನಾಟ್ ಎನಫ್' ನೋಡಿ, ಅಲ್ಲಿ ಬಾಂಡ್ ಪಿಯರ್ಸ್ ಬ್ರಾಸ್ನನ್.