ಕಣವೊಂದು ಮೂರಾಗಿ ಒಡೆದಾಗ ಒಂದರ ಗರಿಷ್ಠ ಶಕ್ತಿ ಎಷ್ಟು?

ನಿಶ್ಚಲವಾಗಿರುವ ಕಣ ಎರಡಾಗಿ ಒಡೆದರೆ ಎರಡರ ಶಕ್ತಿಯೂ ಲೆಕ್ಕಕ್ಕೆ ಸಿಗುತ್ತದೆ, ಮೂರಾದರೆ ಯಾಕೆ ಸಿಗಲ್ಲ, ಒಂದಕ್ಕೆ ಹೆಚ್ಚೆಂದರೆ ಎಷ್ಟು ಸಿಗಬಹುದು ಅಂತ ಕೇಳಿದ್ದೀರಿ.

ಮೊದಲು ಸುಮ್ನೆ ಎಣಿಸಿ ನೋಡಿ. ಮೂರು ಕಣ, ಒಂದೊಂದಕ್ಕೂ ಮೊಮೆಂಟಮ್‌ನ (ಸಂವೇಗದ) 3 ಘಟಕ, ದಿಕ್ಕಿಗೊಂದು, ಒಟ್ಟು 9. ಶಕ್ತಿ ಮತ್ತು ಮೊಮೆಂಟಮ್ ಸಂರಕ್ಷಣೆಯಿಂದ 4 ಹೋಯಿತು. ಮೊಮೆಂಟಮ್‌ಗಳ ಮೊತ್ತ ಸೊನ್ನೆ, ಹಾಗಾಗಿ ಮೂರೂ ಒಂದೇ ಸಮತಲದಲ್ಲಿರುತ್ತವೆ. ಆ ಇಡೀ ಚಿತ್ರ ಯಾವ ಕಡೆ ತಿರುಗಿದೆ ಅನ್ನುವುದಕ್ಕೆ 3 ಕೋನ. ತಾಯಿ ಕಣಕ್ಕೆ, ಅಂದರೆ ಒಡೆಯುವ ಕಣಕ್ಕೆ, ಸ್ಪಿನ್ (ಕಣದ ಸ್ವಂತ ತಿರುಗುವಿಕೆಯಂಥ ಗುಣ) ಇಲ್ಲದಿದ್ದರೆ ಯಾವ ಕಡೆ ತಿರುಗಿದ್ದರೂ ಒಂದೇ, ಅವನ್ನೂ ಬಿಡಿ. ಉಳಿದದ್ದು 2. ಈ ಎರಡು ಪ್ರತಿ ಸಲ ಬೇರೆ ಬೇರೆ ಬರುತ್ತವೆ. ಬೀಟಾ ಕ್ಷಯದಲ್ಲಿ (ಪರಮಾಣುವಿನ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಹೊರಹಾಕುವುದು) ಎಲೆಕ್ಟ್ರಾನ್‌ಗೆ ಒಂದೇ ಶಕ್ತಿ ಇರದೆ ಹರಡಿಕೊಂಡಿರುವುದು ಇದಕ್ಕೇ. ಕಾಣದ ಇನ್ನೊಂದು ಕಣ ಇರಬೇಕು ಅಂತ ಭೌತವಿಜ್ಞಾನಿ ಪೌಲಿ 1930ರಲ್ಲಿ ಹೇಳಿದ್ದೂ ಆ ಹರಡಿಕೆ ನೋಡಿಯೇ.

ಈಗ ಗರಿಷ್ಠ ಶಕ್ತಿ. ಮೂರು ಮೊಮೆಂಟಮ್ ಇಟ್ಟುಕೊಂಡು ಸಮೀಕರಣ ಬಿಡಿಸಲು ಹೋಗಬೇಡಿ, ವರ್ಗಮೂಲಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. 1 ಮತ್ತು 2ನೇ ಕಣಗಳನ್ನು ಸೇರಿಸಿ ಒಂದೇ ಕಣ ಅಂದುಕೊಳ್ಳಿ. ಆಗ ಇದು ಎರಡು ಕಣದ ಲೆಕ್ಕವೇ, ಆದರೆ ಜೋಡಿಯ ಮಾಸ್ ಬದಲಾಗುತ್ತಿರುತ್ತದೆ, ಯಾಕೆಂದರೆ ಎರಡೂ ಒಂದಕ್ಕೊಂದು ಹೋಲಿಸಿ ಓಡುವ ಶಕ್ತಿಯೂ ಅದರಲ್ಲಿ ಸೇರುತ್ತದೆ. ಬೆಳಕಿನ ವೇಗವನ್ನು 1 ಅಂತ ಇಟ್ಟುಕೊಂಡರೆ: ತಾಯಿಯ ಮಾಸ್‌ನ ವರ್ಗಕ್ಕೆ 3ನೇ ಕಣದ ಮಾಸ್‌ನ ವರ್ಗ ಕೂಡಿಸಿ, ಜೋಡಿಯ ಮಾಸ್‌ನ ವರ್ಗ ಕಳೆಯಿರಿ, ತಾಯಿಯ ಮಾಸ್‌ನ ಎರಡರಷ್ಟರಿಂದ ಭಾಗಿಸಿ. ಬಂದದ್ದು 3ನೇ ಕಣದ ಒಟ್ಟು ಶಕ್ತಿ, ಅಂದರೆ ಮಾಸ್ ಮತ್ತು ಚಲನ ಶಕ್ತಿ ಕೂಡಿದ್ದು. ಜೋಡಿ ಹಗುರವಾದಷ್ಟೂ ಇದು ಜಾಸ್ತಿ, ಅಲ್ವಾ? ಜೋಡಿಯ ಮಾಸ್ ಅದರ ಎರಡು ಕಣಗಳ ಮಾಸ್‌ಗಳ ಮೊತ್ತಕ್ಕಿಂತ ಕೆಳಗೆ ಇಳಿಯಲ್ಲ. ಅದನ್ನೇ ಹಾಕಿ, ಗರಿಷ್ಠ ಸಿಕ್ಕಿತು.

ಕೇಯಾನ್ ಅನ್ನುವ ಕಣ ಒಡೆದು, ಅದಕ್ಕಿಂತ ಹಗುರವಾದ ಮೂರು ಪಯಾನ್ ಆಗುವುದನ್ನು ನೋಡೋಣ. ವಿದ್ಯುದಂಶ ಇರುವ ಕೇಯಾನ್‌ನ ಮಾಸ್ 493.68, ಪಯಾನ್‌ನದು 139.57 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ). ಹಂಚಿಕೊಳ್ಳಲು ಉಳಿಯುವ ಚಲನ ಶಕ್ತಿ ಸುಮಾರು 75. ಸೂತ್ರಕ್ಕೆ ಹಾಕಿದರೆ ಒಂದು ಪಯಾನ್‌ನ ಗರಿಷ್ಠ ಒಟ್ಟು ಶಕ್ತಿ 187.65, ಅಂದರೆ ಚಲನ ಶಕ್ತಿ 48.1 ಮಾತ್ರ. ಪೂರ್ತಿ 75 ಒಂದಕ್ಕೇ ಸಿಗಬಹುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಾದರೆ ಉಳಿದೆರಡು ನಿಂತಲ್ಲೇ ನಿಲ್ಲಬೇಕು, ಮೊಮೆಂಟಮ್ ಸರಿತೂಗಿಸುವವರು ಯಾರು? ಗರಿಷ್ಠದಲ್ಲಿ ಅವೆರಡೂ ಒಂದೇ ವೇಗದಲ್ಲಿ, ಜೊತೆಯಾಗಿ, ಎದುರು ದಿಕ್ಕಿಗೆ ಹೋಗುತ್ತವೆ, ತಲಾ 13.4 ತೆಗೆದುಕೊಂಡು. ಕೂಡಿಸಿ ನೋಡಿ, 75 ಬರುತ್ತದೆ.

ಮೊದಲು ಉಳಿದ 2 ಸಂಖ್ಯೆಗಳಲ್ಲಿ ಒಂದು ಈ 1-2 ಜೋಡಿಯ ಮಾಸ್. ಎರಡನೇ ಸಂಖ್ಯೆಗೂ ಇದೇ ಉಪಾಯ. 1-2 ಜೋಡಿ ನಿಂತಿರುವಂತೆ ಕಾಣುವ ಚೌಕಟ್ಟಿಗೆ ಹೋಗಿ, ಅಂದರೆ ಅದರ ಜೊತೆಗೇ ಸಾಗುತ್ತಾ ನೋಡಿ. ಅಲ್ಲಿ 2 ಮತ್ತು 3ನೇ ಕಣಗಳ ಶಕ್ತಿ ನಿಗದಿ, ಬದಲಾಗುವುದು ನಡುವಿನ ಕೋನ ಒಂದೇ. ಎರಡೂ ಒಂದೇ ದಿಕ್ಕಿಗೆ ಹೋದರೆ 2-3 ಜೋಡಿಯ ಮಾಸ್ ಕನಿಷ್ಠ, ಎದುರುಬದುರು ಹೋದರೆ ಗರಿಷ್ಠ. 1-2 ಮತ್ತು 2-3 ಜೋಡಿಗಳ ಮಾಸ್‌ನ ವರ್ಗಗಳನ್ನು ಎರಡು ಅಕ್ಷಗಳ ಮೇಲೆ, ಒಂದೊಂದು ಒಡೆತಕ್ಕೆ ಒಂದು ಚುಕ್ಕಿಯಂತೆ ಹಾಕಿದರೆ ಅದೇ ಡಾಲಿಟ್ಜ್ ಪ್ಲಾಟ್ ಅನ್ನುವ ಚಿತ್ರ. ಇದರ ಸೊಗಸು ಏನೆಂದರೆ, ಬರೀ ಕೈನಮ್ಯಾಟಿಕ್ಸ್ (ಶಕ್ತಿ-ಮೊಮೆಂಟಮ್ ಲೆಕ್ಕ) ಇದ್ದರೆ ಚುಕ್ಕಿಗಳು ಒಳಗೆಲ್ಲ ಸಮನಾಗಿ ಬೀಳುತ್ತವೆ. ಎಲ್ಲಾದರೂ ಪಟ್ಟಿ ಕಂಡರೆ ನಡುವೆ ಒಂದು ರೆಸೊನೆನ್ಸ್ (ತುಂಬಾ ಕಡಿಮೆ ಹೊತ್ತು ಬದುಕುವ ಕಣ) ಹುಟ್ಟಿ ಒಡೆದಿರುವ ಸಾಧ್ಯತೆ ಹೆಚ್ಚು.

ಕೋಡ್ ಬರೆಯುವುದಾದರೆ ಇದನ್ನು ಮೊದಲು ಪರೀಕ್ಷಿಸಿ: ಮೂರೂ ಜೋಡಿಗಳ ಮಾಸ್‌ನ ವರ್ಗಗಳ ಮೊತ್ತ, ತಾಯಿಯೂ ಸೇರಿ ನಾಲ್ಕೂ ಕಣಗಳ ಮಾಸ್‌ನ ವರ್ಗಗಳ ಮೊತ್ತಕ್ಕೆ ಸಮ ಇರಲೇಬೇಕು. ಇಲ್ಲದಿದ್ದರೆ ತಪ್ಪು ಹೆಚ್ಚಾಗಿ ಚೌಕಟ್ಟು ಬದಲಿಸುವ ಸಾಲಿನಲ್ಲಿರುತ್ತದೆ.